ಹದಿನೇಳು ತಾಸಿನ ದಾರಿ

ಯಾವಗಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ, ಕ್ಯಾಲೆಂಡರ್ ತೂಗುಹಾಕುವ ಮೊಳೆಯ ಪಕ್ಕ, ಗೋಡೆಯ ಮೇಲೆ ಅಪ್ಪ ಪೆನ್ಸಿಲಿನಿಂದ ಬರೆದ ಎರಡು ಸಾಲುಗಳು ಈಗಲೂ ಇವೆ. ಮೇಲಿನದು: ‘ಸ್ಯಾನ್ ಫ್ರಾನ್ಸಿಸ್ಕೊ, 17 ತಾಸು.’ ಕೆಳಗಿನದು: ‘ಧಾರವಾಡ, 2½ ತಾಸು.’ ಮೇಲಿನದು ತಮ್ಮ ಇರುವ ಊರು, ಕೆಳಗಿನದು ನಾನಿರುವ ಊರು. ಮೇಲಿನ ಸಾಲನ್ನು ತಿದ್ದಲಾಗಿದೆ. ಮೊದಲು ಅಲ್ಲಿ 28 ಎಂದಿತ್ತು. ಅದನ್ನು ಬೆರಳಿನಿಂದ ಉಜ್ಜಿದ ಕಲೆ ಸುಣ್ಣದ ಮೇಲೆ ಹಾಗೇ ಉಳಿದಿದೆ.

ತಿದ್ದಿದ್ದು 2021ರ ಜನವರಿಯಲ್ಲಿ. ಆ ತಿಂಗಳ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾ ವಿಮಾನ ನಡುವೆ ಎಲ್ಲಿಯೂ ಇಳಿಯದೆ 11ರ ನಸುಕಿನಲ್ಲಿ ಬೆಂಗಳೂರಿಗೆ ಬಂತು. ಸುಮಾರು 14,000 ಕಿಲೋಮೀಟರ್. ಚಾಲಕರೆಲ್ಲ ಹೆಣ್ಣುಮಕ್ಕಳು, ಮುಂದಾಳು ಕ್ಯಾಪ್ಟನ್ ಜೋಯಾ ಅಗರ್ವಾಲ್. ಸುದ್ದಿಯನ್ನು ಅಪ್ಪ ಪೇಪರಿನಲ್ಲಿ ಓದಿದ, ಕಟ್ಟೆಯ ಮೇಲೆ ಎಲ್ಲರಿಗೂ ಓದಿ ಹೇಳಿದ, ಆಮೇಲೆ ಒಳಗೆ ಬಂದು 28 ಅಳಿಸಿ 17 ಬರೆದ. ಅವ್ವ ತೀರಿಕೊಂಡು ಆಗ ಮೂರು ವರ್ಷವಾಗಿತ್ತು. ಅಪ್ಪ ಒಬ್ಬನೇ ಇರುತ್ತಿದ್ದ. ನನಗೆ ಫೋನ್ ಮಾಡಿ, “ನಿನ್ನ ತಮ್ಮ ಹನ್ನೊಂದು ತಾಸು ಹತ್ತರ ಬಂದಾನ” ಅಂದ. ತಮ್ಮ ತನ್ನ ಕುರ್ಚಿಯಿಂದ ಒಂದಡಿಯೂ ಅಲುಗಾಡಿರಲಿಲ್ಲ. ಆದರೂ ಅಪ್ಪ ಹೇಳಿದ್ದು ಸುಳ್ಳು ಎಂದು ನನಗೆ ಅನ್ನಿಸಲಿಲ್ಲ. ದೂರ ಎಂಬುದನ್ನು ನಾವು ಕಿಲೋಮೀಟರಿನಲ್ಲಿ ಓದುತ್ತೇವೆ, ತಾಸಿನಲ್ಲಿ ಬದುಕುತ್ತೇವೆ.

ಅಪ್ಪನಿಗೆ ಅರ್ಥವಾಗದಿದ್ದ ಒಂದು ಸಂಗತಿ ಇತ್ತು. ಅಮೆರಿಕ ಪೂರ್ವಕ್ಕೋ ಪಶ್ಚಿಮಕ್ಕೋ ಇರುವಾಗ ಆ ವಿಮಾನ ಉತ್ತರ ಧ್ರುವದ ಕಡೆ ಹೋಗುವುದೇಕೆ? ಶಾಲೆಯ ಮೇಷ್ಟ್ರು ಭೂಗೋಲ ತಂದು ತೋರಿಸಿದರಂತೆ. ಬೆಂಗಳೂರಿನ ಮೇಲೆ ದಾರದ ಒಂದು ತುದಿ, ಸ್ಯಾನ್ ಫ್ರಾನ್ಸಿಸ್ಕೊದ ಮೇಲೆ ಇನ್ನೊಂದು ತುದಿ ಇಟ್ಟು ಬಿಗಿದರೆ ದಾರ ತಾನಾಗಿಯೇ ಮೇಲಕ್ಕೆ ಸರಿದು ಧ್ರುವದ ಬಳಿ ಹೋಗಿ ನಿಲ್ಲುತ್ತದೆ. ಎರಡೂ ಊರುಗಳ ರೇಖಾಂಶಗಳ ನಡುವೆ ಸುಮಾರು 160 ಡಿಗ್ರಿ ಅಂತರ. ಅಂದರೆ ಭೂಮಿಯ ಒಂದು ಮಗ್ಗುಲಿಂದ ಹೆಚ್ಚುಕಡಿಮೆ ಇನ್ನೊಂದು ಮಗ್ಗುಲಿಗೆ. ಹಾಗಿದ್ದಾಗ ಅಡ್ಡ ಹೋಗುವುದಕ್ಕಿಂತ ನೆತ್ತಿಯ ಮೇಲಿಂದ ದಾಟುವುದೇ ಹತ್ತಿರ. ನಕ್ಷೆಯ ಮೇಲೆ ನೇರ ಕಂಡ ದಾರಿ ಭೂಮಿಯ ಮೇಲೆ ನೇರವಲ್ಲ. ಇದನ್ನು ಅಪ್ಪ ನನಗೆ ಫೋನಿನಲ್ಲಿ, ನಾನು ಕಾಲೇಜಿನ ಮೇಷ್ಟ್ರು ಎಂಬುದನ್ನು ಮರೆತು, ಬಹಳ ಸಾವಕಾಶವಾಗಿ ಬಿಡಿಸಿ ಹೇಳಿದ್ದ.

ಇದೆಲ್ಲ ಬರೆಯಲು ಕಾರಣವಾದ ಘಟನೆ ಅದಾಗಿ ಎರಡು ವರ್ಷದ ಮೇಲೆ, ಒಂದು ಫೆಬ್ರುವರಿಯಲ್ಲಿ ನಡೆಯಿತು.

ಮಂಗಳವಾರ ರಾತ್ರಿ ಒಂಬತ್ತಕ್ಕೆ ಎದುರು ಮನೆಯ ಕಾಕು ಫೋನ್ ಮಾಡಿದಳು. ಅಪ್ಪನಿಗೆ ಎದೆ ಹಿಡಿದಂತಾಗಿದೆ, ಊರಿನ ಡಾಕ್ಟರು ಬಂದು ನೋಡಿದ್ದಾರೆ, ಗದಗಿಗೆ ಕರೆದುಕೊಂಡು ಹೋಗಿ ತೋರಿಸಿದರೆ ಒಳ್ಳೆಯದು ಅಂದಿದ್ದಾರೆ. ಅಪ್ಪ “ಹುಡುಗುರು ಬರ್ಲಿ, ಆಮ್ಯಾಲೆ ನೋಡೂನು” ಅನ್ನುತ್ತಿದ್ದಾನೆ. ನಾನು ಅಪ್ಪನ ಜತೆ ಮಾತಾಡಿದೆ. ದನಿ ಚೆನ್ನಾಗಿಯೇ ಇತ್ತು. ಬುಧವಾರ, ಗುರುವಾರ, ಶುಕ್ರವಾರ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸ. ಶನಿವಾರ ಬೆಳಿಗ್ಗೆ ಬಂದು ಗದಗಿಗೆ ಕರೆದುಕೊಂಡು ಹೋಗುತ್ತೇನೆ ಎಂದೆ. ಅಪ್ಪ ಒಪ್ಪಿದ. ಕಾಕು ಒಂದೇ ಮಾತು ಕೇಳಿದಳು: “ಅಂದ್ರ ಈಗ ಹೊಂಡೂದಿಲ್ಲ?” ನಾನು, “ಎರಡೂವರೆ ತಾಸಿನ ದಾರಿ ಕಾಕು, ಯಾವಾಗ ಬೇಕಂದ್ರ ಆವಾಗ ಬರ್ತೀನಿ” ಅಂದೆ.

ತಮ್ಮನಿಗೂ ಫೋನ್ ಮಾಡಿದೆ. ಅವನಿಗೆ ಆಗ ಅದೇ ಮಂಗಳವಾರದ ಬೆಳಿಗ್ಗೆ ಏಳೂವರೆ. ಚಳಿಗಾಲದಲ್ಲಿ ಅವರ ಗಡಿಯಾರ ನಮಗಿಂತ ಹದಿಮೂರೂವರೆ ತಾಸು ಹಿಂದೆ. ಗಾಬರಿ ಆಗಬೇಡ, ಶನಿವಾರ ನಾನು ಹೋಗುತ್ತೇನೆ ಎಂದೆ. ಅವನು ಹೂಂ ಅಂದ. ಬುಧವಾರ ಬೆಳಿಗ್ಗೆ ನಾನು ಕಾಲೇಜಿಗೆ ಹೊರಡುವ ಹೊತ್ತಿಗೆ ಅವನ ಸಂದೇಶ ಬಂತು: “ಹೊಂಟೀನಿ.” ನನಗೆ ಸಿಟ್ಟೇ ಬಂತು. ಇಷ್ಟಕ್ಕೆಲ್ಲ ಅಷ್ಟು ದೂರದಿಂದ ಯಾಕೆ ಬರಬೇಕು ಎಂದು ಬರೆದೆ. ಉತ್ತರ ಬರಲಿಲ್ಲ. ವಿಮಾನ ಏರಿರಬೇಕು.

ಗುರುವಾರ ನಸುಕಿನ ನಾಲ್ಕರ ಸುಮಾರಿಗೆ ಅಪ್ಪ ಹೋದ. ನನಗೆ ಫೋನ್ ಬಂದಾಗ ನಾಲ್ಕೂ ಕಾಲು. ಐದಕ್ಕೆ ಹೊರಟೆ, ಹುಬ್ಬಳ್ಳಿ, ನವಲಗುಂದ, ನರಗುಂದ ದಾಟಿ ಏಳೂವರೆಗೆ ಮನೆಯಲ್ಲಿದ್ದೆ. ಅಪ್ಪ ಗೋಡೆಯ ಮೇಲೆ ಬರೆದಿಟ್ಟ ಹಾಗೆಯೇ, ಎರಡೂವರೆ ತಾಸು. ತಮ್ಮನ ವಿಮಾನ ಬೆಂಗಳೂರಿನಲ್ಲಿ ಇಳಿದದ್ದು ಹೆಚ್ಚುಕಡಿಮೆ ಅಪ್ಪ ಉಸಿರು ಬಿಟ್ಟ ಹೊತ್ತಿಗೇ. ಅವನು ಅಲ್ಲಿಂದ ಬಾಡಿಗೆ ಕಾರು ಹಿಡಿದು ಮಧ್ಯಾಹ್ನ ಒಂದಕ್ಕೆ ಬಾಗಿಲಲ್ಲಿ ನಿಂತ. ಊರಿನ ಹಿರಿಯರು “ಮಣ್ಣು ಎಷ್ಟೊತ್ತಿಗೆ?” ಎಂದು ಕೇಳುತ್ತಿದ್ದರು. ನಾಲ್ಕು ಗಂಟೆಗೆ ಎಂದಾಯಿತು.

ಆ ದಿನ ಬಂದ ಬಳಗವೆಲ್ಲ ತಮ್ಮನನ್ನು ಕಂಡು ಹನಿಗಣ್ಣಾದರು. “ಅಷ್ಟು ದೂರದಿಂದ ಬಂದಾನ ನೋಡ್ರಿ, ಮಣ್ಣಿಗೆ ಸಿಕ್ಕ” ಅಂದರು. ನನ್ನ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ಸುದ್ದಿ ತಿಳಿದ ಮೂರೂ ಕಾಲು ತಾಸಿಗೆ ಬಂದವನ ಮೇಲೆ ಯಾವ ತಪ್ಪು ಹೊರಿಸುವುದು? ಆದರೆ ನನಗೆ ಲೆಕ್ಕ ಬರುತ್ತದೆ. ಭೂಮಿಯ ಆಚೆ ಬದಿಯಿಂದ ಬಂದವನಿಗೂ ನೂರು ಕಿಲೋಮೀಟರಿನ ಒಳಗಿಂದ ಬಂದ ನನಗೂ ಇದ್ದ ವ್ಯತ್ಯಾಸ ಐದೂವರೆ ತಾಸು. ಮಂಗಳವಾರ ರಾತ್ರಿಯೇ ಹೊರಟಿದ್ದರೆ ನಾನು ಅಪ್ಪನ ಬಳಿ ಇಪ್ಪತ್ತೆಂಟು ತಾಸು ಇರಬಹುದಿತ್ತು. ಗೋಡೆಯ ಮೇಲೆ ಅಳಿಸಿಹೋಗಿದ್ದ ಅದೇ 28.

ದೂರ ಇರುವವನಿಗೆ ದೂರವೇ ಎಚ್ಚರಿಕೆ ಕೊಟ್ಟಿತು. ಈಗ ಹೊರಡದಿದ್ದರೆ ಮುಟ್ಟುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ನನಗೆ ಹತ್ತಿರ ಎಂಬುದು ಒಂದು ನೆವವಾಯಿತು. ಯಾವಾಗ ಬೇಕಾದರೂ ಹೋಗಬಲ್ಲ ಕಡೆಗೆ ಮನುಷ್ಯ ಇವತ್ತೇ ಹೋಗುವುದಿಲ್ಲ. ಫೋನಿನಲ್ಲಿರುವ ನಕ್ಷೆಯಾಗಲಿ ವಿಮಾನದ ಟಿಕೆಟ್ಟಾಗಲಿ ಒಂದೊಂದು ನಿಮಿಷವನ್ನೂ ಎಣಿಸಿ ಪ್ರಯಾಣದ ವೇಳೆ ಹೇಳುತ್ತವೆ. ಹೊರಡುವ ವೇಳೆ ಅವುಗಳ ಲೆಕ್ಕದಲ್ಲಿಲ್ಲ. ಅದನ್ನು ನಾವೇ ತುಂಬಬೇಕು.

ಇಷ್ಟೇ ಆಗಿದ್ದರೆ ಇದು ನನ್ನ ಪಶ್ಚಾತ್ತಾಪದ ಕಥೆ, ಓದುಗರಿಗೆ ಹೇಳುವಷ್ಟು ದೊಡ್ಡದಲ್ಲ. ಆದರೆ ಆಮೇಲಿನ ದಿನಗಳಲ್ಲಿ ನನ್ನನ್ನು ಹಿಡಿದದ್ದು ಬೇರೊಂದು ಪ್ರಶ್ನೆ. ದೂರಕ್ಕೂ ಕರ್ತವ್ಯಕ್ಕೂ ಸಂಬಂಧ ಇದೆಯೇ?

ಇಲ್ಲ ಎಂದು ಖಂಡಿತವಾಗಿ ಹೇಳಿದವರು ಪೀಟರ್ ಸಿಂಗರ್. ಬಂಗಾಳದ ನಿರಾಶ್ರಿತರು ಲಕ್ಷಗಟ್ಟಲೆ ಭಾರತಕ್ಕೆ ಬರುತ್ತಿದ್ದ 1971ರಲ್ಲಿ ಬರೆದು 1972ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವರು ಕೊಟ್ಟ ಉದಾಹರಣೆಯನ್ನು ತತ್ವಶಾಸ್ತ್ರದ ವಿದ್ಯಾರ್ಥಿಗಳು ಬಲ್ಲರು. ದಾರಿಯಲ್ಲಿ ಹೋಗುವಾಗ ಕೆರೆಯಲ್ಲಿ ಮಗು ಮುಳುಗುತ್ತಿದೆ. ಬಟ್ಟೆ ಕೆಸರಾದರೂ ಇಳಿದು ಎತ್ತಲೇಬೇಕು ಎಂದು ಎಲ್ಲರೂ ಒಪ್ಪುತ್ತೇವೆ. ಹಾಗಾದರೆ ಸಾವಿರಾರು ಮೈಲಿ ಆಚೆ ಹಸಿವಿನಿಂದ ಸಾಯುವ ಮಗುವನ್ನು ಅಷ್ಟೇ ಖರ್ಚಿನಲ್ಲಿ ಉಳಿಸಬಹುದಾದರೆ ಅದೂ ಅಷ್ಟೇ ಕರ್ತವ್ಯ. ಮಗು ಹತ್ತು ಗಜದ ಒಳಗಿದೆಯೋ ಖಂಡದಾಚೆ ಇದೆಯೋ ಎಂಬುದು ನೀತಿಯ ಲೆಕ್ಕಕ್ಕೆ ಬರಬಾರದು.

ನಾನು ಈ ಪ್ರಬಂಧವನ್ನು ಇಷ್ಟಪಟ್ಟು ಓದಿದವನು, ಹುಡುಗರಿಗೂ ಓದಿಸಿದವನು. ದುಡ್ಡಿನ ಮಟ್ಟಿಗೆ ಅದು ಸರಿ ಎಂದೇ ಈಗಲೂ ನಂಬಿದ್ದೇನೆ. ದುಡ್ಡಿಗೆ ದೂರವಿಲ್ಲ. ತಮ್ಮ ಪ್ರತಿ ತಿಂಗಳೂ ಅಪ್ಪನ ಖಾತೆಗೆ ತಪ್ಪದೆ ಹಣ ಹಾಕುತ್ತಿದ್ದ. ಅದು ನಿಮಿಷದೊಳಗೆ ಬರುತ್ತಿತ್ತು. ಆದರೆ ಆ ಗುರುವಾರದ ನಸುಕಿನಲ್ಲಿ ಅಪ್ಪ ಕೇಳಿದ್ದು ನೀರು. ಒಂದು ಚಮಚ ನೀರನ್ನು ಸ್ಯಾನ್ ಫ್ರಾನ್ಸಿಸ್ಕೊದಿಂದ ಕಳಿಸಲಾಗುವುದಿಲ್ಲ. ಧಾರವಾಡದಿಂದಲೂ ಕಳಿಸಲಾಗುವುದಿಲ್ಲ. ಬಾಯಿಗೆ ನೀರು ಬಿಡುವುದಕ್ಕೆ, ಬೆನ್ನಿಗೆ ದಿಂಬು ಕೊಡುವುದಕ್ಕೆ, ಕೈ ಹಿಡಿದುಕೊಂಡು ಕೂರುವುದಕ್ಕೆ ಒಬ್ಬರು ಅಲ್ಲೇ ಇರಬೇಕು. ಕಳಿಸಬಹುದಾದ ಸಹಾಯ ಒಂದು ಜಾತಿ, ಇರಲೇಬೇಕಾದ ಸಹಾಯ ಇನ್ನೊಂದು ಜಾತಿ. ಸಿಂಗರ್ ಅವರ ವಾದ ಮೊದಲನೆಯದಕ್ಕೆ ಸಾಲುತ್ತದೆ. ಎರಡನೆಯದನ್ನು ಅದು ಮುಟ್ಟುವುದಿಲ್ಲ.

ಆ ಹೊತ್ತಿಗೆ ಅಲ್ಲಿದ್ದವಳು ಕಾಕು. ಅವಳು ನಮಗೆ ರಕ್ತಸಂಬಂಧಿಯಲ್ಲ, ಕಾಕು ಎಂಬುದು ಓಣಿಯ ರೂಢಿ. ಅವ್ವ ಹೋದ ಮೇಲೆ ಅಪ್ಪನಿಗೆ ದಿನಾ ಎರಡು ಜೋಳದ ರೊಟ್ಟಿ, ಪಲ್ಲೆ ಅವಳ ಮನೆಯಿಂದಲೇ ಬರುತ್ತಿದ್ದವು. ಮಂಗಳವಾರ, ಬುಧವಾರ ಎರಡೂ ರಾತ್ರಿ ಅವಳು ನಮ್ಮ ಪಡಸಾಲೆಯಲ್ಲೇ ಮಲಗಿದ್ದಳು. ಅವಳ ಹೊಸ್ತಿಲಿನಿಂದ ನಮ್ಮ ಹೊಸ್ತಿಲಿಗೆ ಹದಿನೆಂಟು ಹೆಜ್ಜೆ. ಎಲ್ಲ ಮುಗಿದ ಮೇಲೆ ಒಂದು ಸಂಜೆ ನಾನು ಅವುಗಳನ್ನು ಎಣಿಸಿದೆ.

ಐದನೆಯ ದಿನ ನಾನೂ ತಮ್ಮನೂ ಒಂದು ಸೀರೆ, ಸ್ವಲ್ಪ ದುಡ್ಡು ಹಿಡಿದುಕೊಂಡು ಅವಳ ಮನೆಗೆ ಹೋದೆವು. ಸೀರೆ ಇಟ್ಟುಕೊಂಡಳು. ದುಡ್ಡು ಸರಿಸಿದಳು. ನಿನ್ನ ಋಣ ತೀರಿಸೋಕಾಗಲ್ಲ ಎಂದು ತಮ್ಮ ಅಳತೊಡಗಿದಾಗ, “ನಾ ಎದುರಿಗಿದ್ದೆ, ಅಷ್ಟ” ಅಂದಳು.

ಆ ಮಾತನ್ನು ನಾನು ಬಹಳ ದಿನ ತಿರುವಿ ಹಾಕಿದ್ದೇನೆ. ಹತ್ತಿರ ಇರುವುದು ಯಾವ ಕಾರಣವೂ ಅಲ್ಲ ಎಂದು ಸಿಂಗರ್ ಹೇಳುತ್ತಾರೆ. ಕಾಕುವಿಗೆ ಹತ್ತಿರ ಇರುವುದೇ ಪೂರ್ತಿ ಕಾರಣ, ಬೇರೆ ಕಾರಣ ಬೇಕಾಗಿಯೇ ಇಲ್ಲ. ನಾನಂತೂ ಹತ್ತಿರ ಇರುವುದನ್ನೇ ಹೋಗದಿರಲು ಕಾರಣ ಮಾಡಿಕೊಂಡಿದ್ದೆ. ಒಂದೇ ಸಂಗತಿ ಮೂರು ಕಡೆ ಮೂರು ರೀತಿ. ಹಾಗಾದರೆ ದೂರ, ಹತ್ತಿರ ಎಂಬುವು ಬರೀ ಅಳತೆಗಳು. ಅವುಗಳಿಂದ ತಾವಾಗಿಯೇ ಯಾವ ಕರ್ತವ್ಯವೂ ಹುಟ್ಟುವುದಿಲ್ಲ, ಯಾವ ಕ್ಷಮೆಯೂ ಸಿಗುವುದಿಲ್ಲ.

ನಮ್ಮ ಹಿಂದಿನವರಿಗೆ ಈ ತೊಡಕು ಗೊತ್ತಿತ್ತು. ಧರ್ಮಶಾಸ್ತ್ರದ ಗ್ರಂಥಗಳು ‘ದೇಶಾಂತರ’ ಎಂದರೆ ಎಷ್ಟು ದೂರ ಎಂದು ಚರ್ಚಿಸುತ್ತವೆ. ದೂರದೇಶದಲ್ಲಿ ಸತ್ತವರ ಸೂತಕ ಎಷ್ಟು ದಿನ ಎಂದು ಹೇಳಬೇಕಾದರೆ ದೂರದೇಶ ಯಾವುದು ಎಂದು ಮೊದಲು ಹೇಳಬೇಕಲ್ಲ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ವಿಜ್ಞಾನೇಶ್ವರ ಬರೆದ ಮಿತಾಕ್ಷರ ಇಂಥ ಹಳೆಯ ಮಾತುಗಳನ್ನು ಕೂಡಿಸುತ್ತದೆ. ಕೆಲವರು ಯೋಜನಗಳಲ್ಲಿ ಹೇಳುತ್ತಾರೆ: ಅರವತ್ತು, ಅಲ್ಲ ನಲವತ್ತು, ಅಲ್ಲ ಮೂವತ್ತು. ನಡುವೆ ದೊಡ್ಡ ನದಿ ಅಡ್ಡ ಬಂದರೆ, ಬೆಟ್ಟ ಅಡ್ಡ ಬಂದರೆ, ಭಾಷೆ ಬೇರೆಯಾದರೆ ಅದೇ ದೇಶಾಂತರ ಎಂಬ ಮಾತೂ ಇದೆ. ಸ್ಮೃತಿಗಳಲ್ಲಿ ಬರುವ ಇನ್ನೊಂದು ಮಾತು, ಹತ್ತು ರಾತ್ರಿಯೊಳಗೆ ಸುದ್ದಿ ಮುಟ್ಟದ ಕಡೆ ದೇಶಾಂತರ ಎಂದು.

ನಮ್ಮ ಮನೆತನದಲ್ಲಿ ಸೂತಕದ ಲೆಕ್ಕವಿಲ್ಲ. ಆದರೂ ಈ ವ್ಯಾಖ್ಯೆಗಳು ನನಗೆ ಇಷ್ಟವಾದವು. ಯೋಜನ ಎಣಿಸಿದವರು ತಮ್ಮತಮ್ಮಲ್ಲೇ ಒಪ್ಪಲಿಲ್ಲ. ಉಳಿದವರು ಎಣಿಸುವುದನ್ನೇ ಬಿಟ್ಟು ನಡುವೆ ಅಡ್ಡ ಏನಿದೆ ಎಂದು ಕೇಳಿದರು. ಯಾವಗಲ್ಲಿನವರಿಗೆ ಇದನ್ನು ವಿವರಿಸಬೇಕಿಲ್ಲ. ಬೇಸಿಗೆಯಲ್ಲಿ ಬೆಣ್ಣೆಹಳ್ಳದಲ್ಲಿ ಕಾಲು ತೋಯಿಸುವಷ್ಟು ನೀರೂ ಇರುವುದಿಲ್ಲ. ಮಳೆಗಾಲದಲ್ಲಿ ಅದು ಉಕ್ಕಿ ಬಂದರೆ ಎರಿಹೊಲಗಳೆಲ್ಲ ಕೆರೆಯಾಗಿ ನರಗುಂದವೇ ದೇಶಾಂತರ. ಬಸ್ಸು ನಿಂತು, ಎರಡು ದಿನ ಊರು ತನ್ನಷ್ಟಕ್ಕೆ ತಾನೇ ಉಳಿದದ್ದನ್ನು ನಾನು ಹುಡುಗನಿದ್ದಾಗ ಕಂಡಿದ್ದೇನೆ. ಆಗ ಕಣ್ಣಿಗೆ ಕಾಣುವ ಆಚೆ ದಡ ಎಷ್ಟು ಕಿಲೋಮೀಟರ್ ಎಂದು ಯಾರೂ ಕೇಳುತ್ತಿರಲಿಲ್ಲ.

ಇಡೀ ಲೋಕಕ್ಕೇ ಹಳ್ಳ ಅಡ್ಡ ಬಂದದ್ದು 2020ರಲ್ಲಿ. ಮಾರ್ಚ್ ಕೊನೆಗೆ ಭಾರತಕ್ಕೆ ಬರುವ ಅಂತರರಾಷ್ಟ್ರೀಯ ಪ್ರಯಾಣಿಕ ವಿಮಾನಗಳೆಲ್ಲ ನಿಂತವು. ಹೊರಗಿದ್ದವರನ್ನು ಕರೆತರುವ ‘ವಂದೇ ಭಾರತ್’ ವಿಮಾನಗಳು ಶುರುವಾದದ್ದು ಮೇ 7ಕ್ಕೆ. ಆ ಆರೇಳು ವಾರಗಳಲ್ಲಿ ತಂದೆತಾಯಿಯನ್ನು ಕಳೆದುಕೊಂಡ ಮಕ್ಕಳಿಗೆ ತಾಸಿನ ಲೆಕ್ಕವೇ ಇರಲಿಲ್ಲ. ಅವರು ಫೋನಿನ ಪರದೆಯಲ್ಲಿ ಮಣ್ಣು ನೋಡಿದರು. ಈಗಲೂ ವೀಸಾದ ಕಾಗದ ಸರಿಯಿಲ್ಲದ್ದಕ್ಕೆ, ಒಮ್ಮೆ ಹೋದರೆ ಮತ್ತೆ ಒಳಗೆ ಬಿಡುವರೋ ಇಲ್ಲವೋ ಎಂಬ ಭಯಕ್ಕೆ ಬರಲಾಗದೆ ಉಳಿದವರು ಇದ್ದಾರೆ. ನನ್ನ ತಮ್ಮನ ಕಾಗದ ಸರಿಯಿತ್ತು, ರಜೆ ಸಿಕ್ಕಿತು, ಕೈಯಲ್ಲಿ ದುಡ್ಡಿತ್ತು, ಅವತ್ತೇ ಸೀದಾ ವಿಮಾನವಿತ್ತು. ಇವುಗಳಲ್ಲಿ ಒಂದು ತಪ್ಪಿದ್ದರೂ ಅವನು ಬರುತ್ತಿರಲಿಲ್ಲ. ಆಗ ಅವನು ಕೆಟ್ಟ ಮಗನಾಗುತ್ತಿದ್ದನೇ? ಹಾಗೆ ಹೇಳಲು ನನಗೆ ಬಾಯಿ ಬರುವುದಿಲ್ಲ.

ಅಮೆರಿಕದವರೆಗೂ ಹೋಗುವುದು ಬೇಡ. ನಮ್ಮ ಭಾಗದಿಂದ ಗೋವಾಕ್ಕೆ ಕಟ್ಟಡದ ಕೆಲಸಕ್ಕೆ, ಬಂದರಿನ ಕೆಲಸಕ್ಕೆ ಹೋದ ಮಂದಿ ಬಹಳ. ಕಾಕುವಿನ ಮಗನೂ ಅಲ್ಲೇ ಇದ್ದಾನೆ. ಗೋವಾ ಒಂದು ರಾತ್ರಿಯ ದಾರಿಯೂ ಅಲ್ಲ. ಆದರೆ ಅವನ ಸಂಬಳ ದಿನಗೂಲಿ. ಬಂದುಹೋಗಲು ಎರಡು ದಿನ, ಇಲ್ಲಿ ಇರಲು ಒಂದು ದಿನ, ಜತೆಗೆ ಬಸ್ಸಿನ ಖರ್ಚು. ಆ ಮೂರು ದಿನ ಕೆಲಸಕ್ಕೆ ಬೇರೆಯವರು ಬಂದರೆ ಹಿಂದಿರುಗಿದಾಗ ಜಾಗವೂ ಇಲ್ಲ. ತಾಸಿನಲ್ಲಿ ಅಳೆದರೆ ನನ್ನ ತಮ್ಮ ದೂರ, ಅವನು ಹತ್ತಿರ. ಕೂಲಿಯಲ್ಲಿ ಅಳೆದರೆ ಗೋವಾವೇ ದೂರ.

ಹೀಗೆ ಒಂದೊಂದೇ ಕಳೆಯುತ್ತ ಬಂದರೆ ಕೊನೆಗೆ ಉಳಿಯುವುದು ಎರಡು. ಮೊದಲನೆಯದು, ಅಡ್ಡ ಇದ್ದೂ ಬರಲಾಗದವರ ಮೇಲೆ ತಪ್ಪು ಹೊರಿಸುವ ಹಕ್ಕು ಯಾರಿಗೂ ಇಲ್ಲ. ಮುಟ್ಟುವುದು ಅವರ ಕೈಯಲ್ಲಿಲ್ಲ. ಆದರೆ ನಡುವೆ ಹಳ್ಳವಿಲ್ಲದೆ, ಬೆಟ್ಟವಿಲ್ಲದೆ, ಕೂಲಿ ತಪ್ಪುವ ಭಯವಿಲ್ಲದೆ, ಒಂದು ಫೋನ್ ಮಾಡಿದರೆ ಪರೀಕ್ಷೆಯ ಕೆಲಸಕ್ಕೆ ಬೇರೊಬ್ಬ ಮೇಷ್ಟ್ರು ಸಿಗುತ್ತಿದ್ದಾಗಲೂ ಹೊರಡದೆ ಕೂತವನು ದೂರವನ್ನು ದೂರುವಂತಿಲ್ಲ. ಹತ್ತಿರವನ್ನೂ ಹೊಗಳುವಂತಿಲ್ಲ. ಅವನು ನಾನು.

ಎರಡನೆಯದು ಇದಕ್ಕಿಂತ ಕಷ್ಟದ್ದು. ಊರು ಬಿಟ್ಟು ಹೋದ ನಾವೆಲ್ಲ, ತಮ್ಮನೂ ನಾನೂ, ಊರಿನಲ್ಲಿ ಉಳಿದ ಒಬ್ಬರ ಮೇಲೆ ಭಾರ ಹಾಕಿಯೇ ದೂರ ಹೋಗಿರುತ್ತೇವೆ. ಅವನ ಹದಿನೇಳು ತಾಸು, ನನ್ನ ಎರಡೂವರೆ ತಾಸು, ಇವೆರಡನ್ನೂ ಕಾಕು ತನ್ನ ಹದಿನೆಂಟು ಹೆಜ್ಜೆಗಳಿಂದ ತುಂಬಿಕೊಟ್ಟಳು. ಅವಳನ್ನು ಕೇಳಿದವರಾರು? ನೀನು ಎದುರಿಗಿರುವುದರಿಂದ ಇದು ನಿನ್ನ ಪಾಲು ಎಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಅನ್ಯಾಯವೇ ಆಗುತ್ತಿತ್ತು. ಉಳಿದವರು ಒಳ್ಳೆಯವರು ಎಂದು ಹೊಗಳುವುದರಲ್ಲಿ ಒಂದು ಮೋಸವಿದೆ. ಹಾಗೆ ಹೊಗಳಿದರೆ ಅವರು ಮಾಡಿದ್ದು ಅವರ ಸ್ವಭಾವ ಎಂದಾಗುತ್ತದೆ, ನಮ್ಮ ಮೇಲಿನ ಸಾಲ ಎಂದಾಗುವುದಿಲ್ಲ. “ನಾ ಎದುರಿಗಿದ್ದೆ, ಅಷ್ಟ” ಎಂದು ಅವಳು ಹೇಳಬಹುದು. ಅವಳು ಎದುರಿಗಿದ್ದಳು, ಅಷ್ಟೇ ಎಂದು ನಾನು ಹೇಳುವಂತಿಲ್ಲ.

ತಮ್ಮ ಹದಿನೈದು ದಿನ ಇದ್ದು ಹಿಂದಿರುಗಿದ. ಮನೆಯನ್ನು ಮಾರುವುದು ಬೇಡ ಎಂದು ಇಬ್ಬರೂ ಒಪ್ಪಿಕೊಂಡೆವು. ಸುಣ್ಣ ಹೊಡೆಸುವಾಗ ಗೋಡೆಯ ಆ ಒಂದು ಮೊಳದಷ್ಟು ಜಾಗವನ್ನು ಬಿಡಿ ಎಂದು ಹೇಳಿದ್ದೆ.

ಕಳೆದ ಶ್ರಾವಣದಲ್ಲಿ ಒಂದು ಬುಧವಾರ ಕಾಕುವಿಗೆ ಜ್ವರ ಎಂದು ಓಣಿಯ ಹುಡುಗನೊಬ್ಬ ಫೋನ್ ಮಾಡಿದ. ಮೂರು ದಿನದಿಂದ ಇದೆ, ಊಟ ಸೇರುತ್ತಿಲ್ಲ. ನಾನು ಆಗ ತರಗತಿಯ ಬಾಗಿಲಲ್ಲಿದ್ದೆ. ಕೈ ತಾನಾಗಿಯೇ ಶನಿವಾರವನ್ನು ಎಣಿಸತೊಡಗಿದ್ದು ನನಗೆ ಗೊತ್ತಾಯಿತು. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಒಮ್ಮೆ ಪೆಟ್ಟು ತಿಂದ ಮಾತ್ರಕ್ಕೆ ಮನುಷ್ಯ ಬದಲಾಗಿಬಿಡುವುದಿಲ್ಲ. ಹುಡುಗರಿಗೆ ತರಗತಿ ಇಲ್ಲ ಎಂದು ಹೇಳಿ, ಕಾಲೇಜಿಗೆ ಒಂದು ಚೀಟಿ ಬರೆದಿಟ್ಟು ಹೊರಟೆ.

ಮನೆ ಮುಟ್ಟಿದಾಗ ಅವಳು ಎದ್ದು ಕೂತಿದ್ದಳು. ನಾನು ಗಂಜಿ ಕುಡಿಸಿದೆ, ಡಾಕ್ಟರನ್ನು ಕರೆದುಕೊಂಡು ಬಂದೆ. ಗೋವಾಕ್ಕೆ ಮಗನಿಗೆ ಫೋನ್ ಹಚ್ಚಿ ಕೊಟ್ಟೆ. ಮಾತಾಡಿ ಮುಗಿಸಿದಳು. ಮಗ ಏನಂದ, ಅಲ್ಲಿಂದ ಎಂಟೊಂಬತ್ತು ತಾಸಿಗೆ ಬರಬಹುದಲ್ಲ ಎಂದು ನಾನು ಕೇಳಿದೆ.

“ತಾಸು ನನಗೂ ಗೊತ್ತೈತಿ. ಅವಂಗ ಸೂಟಿ ಸಿಗೂದಿಲ್ಲ, ಬರಬ್ಯಾಡ ಅಂತ ನಾನ ಹೇಳಿನಿ” ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀ ಯಾವಾಗ ಹೊಂಟಿದ್ದಿ?” ಎಂದು ಕೇಳಿದಳು.

ಹತ್ತೂವರೆಗೆ ಫೋನ್ ಬಂತು, ಹನ್ನೊಂದಕ್ಕೆ ಹೊರಟೆ ಎಂದೆ. ಅವಳು ತಲೆಯಾಡಿಸಿ ಗೋಡೆಯ ಕಡೆ ಮಗ್ಗುಲಾದಳು. ಆ ರಾತ್ರಿ ನಾನು ಅವಳ ಪಡಸಾಲೆಯಲ್ಲಿ ಮಲಗಿದೆ.